ಪೆಟ್ಟು ಅವರ ತಲಿಗೆ, ಕೆಟ್ಟದ್ದು ನನ್ನ ತಲಿ

ತಲಿಗೆ ಪೆಟ್ಟು ಬಿದ್ದವರ ಮನ್ಯಾಗ ಬರೇ ಅಳು ಇರತೈತಿ ಅಂತ ಮಂದಿ ತಿಳ್ಕೊಂಡಾರ. ಅಳು ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ದಿನಾ ಒಂದಿಲ್ಲೊಂದು ನಡದು, ಕುಂತು ಅಳಾಕ ನನಗ ಪುರಸೊತ್ತ ಸಿಗಲಿಲ್ಲ.

ನಮ್ಮ ಮನಿಯವರು ಬಸ್ ಕಂಡಕ್ಟರ್. ಇಳಕಲ್ಲಿಂದ ಬಾಗಲಕೋಟಿಗೆ ಹೋಗೋ ಬಸ್ಸು. ಒಂದು ರಜಾ ದಿನ ಹುನಗುಂದ ರಸ್ತೆದಾಗ ಬೈಕಿನ ಮ್ಯಾಲಿಂದ ಬಿದ್ರು. ಹೆಲ್ಮೆಟ್ ಮನ್ಯಾಗ ಮೊಳಿಗೆ ತೂಗ ಹಾಕಿತ್ತು.

೧. ಮೊದಲ ಮಾತು

ಬಾಗಲಕೋಟಿ ದವಾಖಾನ್ಯಾಗ ಭಾಳ ದಿನ ಕಣ್ಣು ತಗೀಲಿಲ್ಲ. ತಗದ ಮ್ಯಾಲೂ ಮಾತಿಲ್ಲ. ಒಂದಿನ ಬಳಗದವರು ಟಂಟಂ ಗಾಡಿ ತುಂಬ ಬಂದು ಮಂಚದ ಸುತ್ತ ನಿಂತ್ರು. ಇವರು ಸಾವಕಾಶ ಬಾಯಿ ತಗದು, "ಮುಂದ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ" ಅಂದ್ರು.

ನಾ ಖುಷಿಗೆ ಅಳಾಕತ್ನಿ. ಡಾಕ್ಟರು ನನ್ನ ಬಾಜೂಕ ಕರದು, "ಇನ್ನೂ ಗೊಂದಲ ಐತಮ್ಮ, ಬಸ್ಸಿನಾಗ ಅದೇನಿ ಅಂತ ತಿಳ್ಕೊಂಡಾರ" ಅಂದ್ರು.

ತಿರುಗಿ ನೋಡಿದ್ರ, ಮಂದಿ ಖರೇನ ಮುಂದ ಸರದಿದ್ರು. ಕಮತಗಿ ಸೋದರತ್ತಿ ಆಧಾರ್ ಕಾರ್ಡ್ ತಗದು ಹಿಡದಿದ್ಲು.

೨. ಚಾ ಪರೀಕ್ಷೆ

ಮನಿಗೆ ಬಂದ ಮ್ಯಾಲೂ ಚಿಕಿತ್ಸೆಗೆ ಹೋಗ್ತಿದ್ವಿ. ದಿನದ ಕೆಲಸ ಮತ್ತ ರೂಢಿ ಮಾಡಸಾಕ ಅಲ್ಲೊಬ್ರು ಮೇಡಂ ಇದ್ರು.

"ಚಾ ಹೆಂಗ ಮಾಡ್ತೀರಿ? ಒಂದರ ಹಿಂದ ಒಂದು ಹೇಳ್ರಿ."

ಇವರು ಹಣಿ ತಿಕ್ಕೊಂಡು ವಿಚಾರ ಮಾಡಿ, "'ಚಾ' ಅಂತ ಒದರ್ತೇನಿ. ಬರತೈತಿ" ಅಂದ್ರು.

ಮೇಡಂ ಮಾರಿ ಸಣ್ಣದಾತು. "ಪೆಟ್ಟಿನಿಂದ ಹಿಂಗ ಆಗತೈತಿ, ತಾವಾಗೇ ಕೆಲಸ ಶುರು ಮಾಡಾಕ ಬರಂಗಿಲ್ಲ. ಧೈರ್ಯ ಬಿಡಬ್ಯಾಡ್ರಿ" ಅಂದ್ರು.

"ಇದು ಲಗ್ನ ಆದಾಗಿಂದ ಐತ್ರಿ ಮೇಡಂ" ಅಂದ್ನಿ.

೩. ಉಪವಾಸ

ಈಗ ಮಾಡಿದ್ದು ಈಗ ಮರಿಯೋದು ಇನ್ನೂ ಹೋಗಿದ್ದಿಲ್ಲ. ಉಂಡು ಕೈ ತೊಳಕೊಂಡು ಹೊರಗ ಕಟ್ಟಿ ಮ್ಯಾಲ ಕುಂತು, ಹೋಗೋ ಬರೋರಿಗೆಲ್ಲಾ "ಮುಂಜಾನಿಂದ ಹಸದೇನಿ, ಇಕಿ ಏನೂ ಹಾಕಿಲ್ಲ" ಅಂತಿದ್ರು. ಬಾಜೂ ಮನಿ ಬೂಬಮ್ಮ ರೊಟ್ಟಿ, ಬದನಿಕಾಯಿ ಪಲ್ಯ ತಂದು ಕೊಡೋರು. ಎದುರಿನಾಕಿ ಅನ್ನ ಸಾರು. ಕೊಟ್ಟು ನನ್ನ ಕಡೆ ಹೆಂಗ ನೋಡ್ತಿದ್ರು ಅಂದ್ರ, ನಾ ಅಡಗಿಮನ್ಯಾಗ ಹೋಗಿ ಅತ್ತದ್ದೂ ಐತಿ.

ಮುಂದಿನ ಸಲ ಡಾಕ್ಟರು ತೂಕ ನೋಡಿ ಹಿಗ್ಗಿದ್ರು. "ಭಾಳ ಚಂದ ನೋಡ್ಕೊಂಡೀರಮ್ಮ."

"ನಾ ಒಬ್ಬಾಕೆ ಅಲ್ರಿ, ಇಡೀ ಓಣಿ ನೋಡ್ಕೊಂಡೈತಿ" ಅಂದ್ನಿ.

೪. ಹುಡುಗಿ ನೋಡಾಕ ಬಂದಾಗ

ಕಡೀಕ ನೆನಪು ಸುಧಾರಿಸ್ತು, ನಾಲಿಗಿ ಸಡ್ಲ ಆತು. ಮನಸ್ಸಿಗೆ ಬಂದದ್ದು ನೆಟ್ಟಗ ಬಾಯಿಗೆ. ಮೊದಲ ಎಷ್ಟು ಮೆತ್ತಗಿನ ಮನಷಾ ಇದ್ರು. ತಡಿಯೋ ಬ್ರೇಕ್ ಗಟ್ಟಿ ಆಗಾಕ ಟೈಮ್ ಹಿಡೀತೈತಿ ಅಂದಿದ್ರು ಡಾಕ್ಟರು.

ಅಂಥಾದ್ರಾಗ ನಮ್ಮಕ್ಕನ ಮಗಳನ್ನ ನೋಡಾಕ ಗಂಡಿನವರು ನಮ್ಮ ಮನಿಗೇ ಬಂದ್ರು. "ಒಂದು ಮಾತೂ ಆಡಬ್ಯಾಡ್ರಿ" ಅಂತ ಇವರಿಗೆ ಕೈ ಮುಗದು ಹೇಳಿದ್ನಿ. ಹೂಂ ಅಂದ್ರು.

ಹುಡುಗನ ಅಪ್ಪ ಅವಲಕ್ಕಿ ತಿನಕೋತ, "ನಮ್ಮ ಹುಡುಗಗ ಒಂದೂ ಚಟ ಇಲ್ರಿ. ಅಡಕಿನೂ ಮುಟ್ಟಂಗಿಲ್ಲ" ಅಂದ್ರು.

ಇವರು ಭಾಳ ಕಾಳಜಿಲೆ ಕೇಳಿದ್ರು, "ಹಂಗಾದ್ರ ದವಾಖಾನಿಗೆ ತೋರಸ್ರಿ. ಬಂದಾಗಿಂದ ಹಿತ್ತಲದಾಗ ಕೆಂಪಗ ಉಗುಳಾಕತ್ತಾನ. ರಕ್ತ ಏನ?"

ಅವಲಕ್ಕಿ ಅಲ್ಲೇ ಬಿಟ್ಟು ಎದ್ದು ಹೋದ್ರು. ಅಕ್ಕ ಒಂದು ಕಡೆ ಅಳಾಕತ್ಲು. ನಾ ಬಾಯಿಗೆ ಬಂದಂಗ ಬೈದ್ನಿ. "ನಾ ಏನ ತಪ್ಪ ಅಂದ್ನಿ?" ಅಂತ ಇವರು. ಹುಡುಗಿ ಮಾತ್ರ ನಕ್ಕೋತ ಬಂದು ಕಾಕಾನ ತಾಟಿಗೆ ಇನ್ನೊಂದು ಉಂಡಿ ಹಾಕಿದ್ಲು.

ಮರುದಿನ ಮುಂಜಾನಿ ಎದುರು ಮನ್ಯಾಕಿ ಬಂದ್ಲು. ಇಕಿಗೂ ಸುದ್ದಿ ಮುಟ್ಟೇತಿ, ಏನ ಕೇಳಬೇಕೋ ಅಂತ ಹಲ್ಲು ಕಚ್ಚಿ ನಿಂತ್ನಿ. ಅಕಿ ದನಿ ತಗ್ಗಿಸಿ ಅಂದ್ಲು:

"ಅಕ್ಕಾರ, ನಾಳೆ ನಮ್ಮ ಹುಡುಗಿನ್ನೂ ನೋಡಾಕ ಬರ್ತಾರ. ಅಣ್ಣಾರನ್ನ ಒಂದು ತಾಸು ಕಳಸ್ರಿ. ಪೂರಾ ಗುಣಾ ಆಗೂದ್ರಾಗ ಒಮ್ಮೆ ಕುಂದರಸೂನಂತ."