ತೆರೆಮರೆಯ ತುಣುಕು ಮತ್ತು ವಾಷಿಂಗ್ ಮೆಷಿನ್

ತಾರೆಯರ ಬಗ್ಗೆ ಯಾರಿಗೂ ಗೊತ್ತಿಲ್ಲದ ಸಂಗತಿ ಬೇಕೇ? ನನ್ನನ್ನು ಕೇಳಿ! ಬೇರೆ ಯಾರಿಗೂ ಗೊತ್ತಿರುವ ಸಾಧ್ಯತೆಯೇ ಇಲ್ಲ. ಏಕೆಂದರೆ ಅದು ಆಗಷ್ಟೇ ನನ್ನ ತಲೆಯಲ್ಲಿ ಹುಟ್ಟಿರುತ್ತದೆ!

ನಮ್ಮ ಸಿನಿಮಾ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುವ 'ತೆರೆಮರೆಯ ತುಣುಕು' ನನ್ನ ಅಂಕಣ. ಜಾಹೀರಾತು ಕೈಕೊಟ್ಟು ಪುಟ ಖಾಲಿ ಬಿದ್ದಾಗಲೆಲ್ಲ ಸಂಪಾದಕರು "ನಾಲ್ಕು ಸಾಲು ಕೊಡಯ್ಯಾ!" ಎಂದು ಕೂಗುತ್ತಾರೆ. ನಾನು ನಿಂತ ನಿಲುವಿನಲ್ಲೇ ಕೊಡುತ್ತೇನೆ. ಸುಳ್ಳಿಗೂ ಒಂದು ಹದ ಇದೆ ಸ್ವಾಮಿ! 'ನಟಿ ಕಣ್ಣೀರ ಕನ್ನಿಕೆಗೆ ಕತ್ತಲೆಂದರೆ ಭಯ' ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. 'ಕತ್ತಲೆಂದರೆ ಭಯ, ಅದಕ್ಕೇ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಮಲಗುತ್ತಾರೆ' ಎಂದು ಬರೆದರೆ ಊರಿಗೆ ಊರೇ ನಂಬುತ್ತದೆ! ಈ ವರ್ಷವಂತೂ ಅಂಕಣದೊಳಗೆ ಒಂದೇ ಒಂದು ನಿಜವೂ ನುಸುಳದಂತೆ ಕಾಯುವೆನೆಂದು ಕಚೇರಿಯ ಮುರುಕು ಕುರ್ಚಿಯ ಮೇಲೆ ಕುಳಿತು ಘನಘೋರ ಪ್ರತಿಜ್ಞೆ ಮಾಡಿದ್ದೆ.

ಆ ವಾರವೇ ನನ್ನ ಹೆಂಡತಿ ಟಿವಿಯ ಸಿನಿಮಾ ರಸಪ್ರಶ್ನೆಗೆ ಆಯ್ಕೆಯಾದಳು. ಗೆದ್ದವರಿಗೆ ವಾಷಿಂಗ್ ಮೆಷಿನ್!

ನಮ್ಮ ಮನೆಯದು ಕೆಟ್ಟು ಎಷ್ಟೋ ತಿಂಗಳಾಗಿತ್ತು. ಬಚ್ಚಲಲ್ಲಿ ಬಗ್ಗಿ ಬಗ್ಗಿ ಬಟ್ಟೆ ಒಗೆದು ಅವಳ ಸೊಂಟ ಹಿಡಿದುಕೊಂಡಿತ್ತು. ಹಾಗಾಗಿ ನಾನೂ ಕುಣಿದಾಡಿದೆ. ಆದರೆ ಸಂಜೆ ಮನೆಗೆ ಬಂದು ನೋಡಿದರೆ ಹಾಲ್ ತುಂಬ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು! ನಡುವೆ ಕುಳಿತು ಅವಳು ನನ್ನ ಅಂಕಣವನ್ನು ಬಾಯಿಪಾಠ ಮಾಡುತ್ತಿದ್ದಳು. 

"ಅದೆಲ್ಲ ಯಾಕೆ ಓದ್ತೀಯಾ? ಬೇರೆ ಪುಸ್ತಕ ತಂದುಕೊಡ್ತೀನಿ" ಎಂದೆ.

"ಮನೇಲೇ ಗಣಿ ಇಟ್ಕೊಂಡು ಹೊರಗೆ ಯಾಕ್ರೀ ಅಗೀಬೇಕು?"

"ಹಾಗಲ್ಲ ಕಣೇ... ಅದರಲ್ಲಿ ಒಂದೆರಡು ಹೆಚ್ಚುಕಮ್ಮಿ ಇರಬಹುದು."

"ನಿಮ್ಮ ವಿನಯ ನನಗೆ ಗೊತ್ತಿಲ್ವಾ? ಸುಮ್ನಿರಿ!" ಎಂದು ಪುಟ ತಿರುವಿದಳು.

ರಾತ್ರಿಯಿಡೀ ನನಗೆ ನಿದ್ದೆ ಹತ್ತಲಿಲ್ಲ. ಟಿವಿಯಲ್ಲಿ, ಸಾವಿರಾರು ಜನರ ಮುಂದೆ, ಅವಳು ನನ್ನ ಸುಳ್ಳನ್ನು ಎದೆಯುಬ್ಬಿಸಿ ಹೇಳುವುದು; ನಿರೂಪಕಿ ನಗುವುದು; ಆಗ ಹೆಂಡತಿ ತಿರುಗಿ ನನ್ನತ್ತ ನೋಡುವುದು... ಆ ನೋಟ ನೆನೆದೇ ಬೆವರಿದೆ! ಒಂದಾದರೂ ನಿಜ ಹುಡುಕೋಣವೆಂದು ಬೆಳಿಗ್ಗೆ ರಜೆ ಹಾಕಿ ಸಾಹಸನಟ ಮಹಾಗುಡುಗು ಅವರ ಬಂಗಲೆಗೆ ಓಡಿದೆ. ಅವರ ಮನೆಯಲ್ಲಿ ಹನ್ನೊಂದು ಬೆಕ್ಕುಗಳಿವೆ, ಅವುಗಳಲ್ಲೊಂದಕ್ಕೆ ಕಿವಿ ಕೇಳಿಸದು ಎಂದು ನಾನು ಬರೆದಿದ್ದೆ.

ಗೇಟಿನ ಬಳಿ ಕಾರು ಒರೆಸುತ್ತಿದ್ದ ಡ್ರೈವರ್ ಬಿದ್ದು ಬಿದ್ದು ನಕ್ಕ. "ಬೆಕ್ಕಾ ಸಾರ್? ಬೆಕ್ಕಿನ ಒಂದು ಕೂದಲು ಗಾಳೀಲಿ ಬಂದ್ರೂ ನಮ್ ಸಾಹೇಬ್ರ ಮುಖ ಕುಂಬಳಕಾಯಿ ಹಾಗೆ ಊದುತ್ತೆ! ಯಾವನೋ ತಲೆಕೆಟ್ಟೋನು ಪೇಪರಲ್ಲಿ ಬರೆದುಬಿಟ್ಟಿದಾನೆ. ದಿನಾ ಅಭಿಮಾನಿಗಳು ಬೆಕ್ಕಿನ ಮರಿ ತಂದು ಗೇಟಿನ ಹತ್ರ ಬಿಟ್ಟು ಹೋಗ್ತಾರೆ. ಅವನು ಸಿಕ್ಕಲಿ, ಇದೇ ಬಟ್ಟೇಲಿ ಒರೆಸಿಹಾಕ್ತೀನಿ!"

ನಾನು ಒಂದು ಕ್ಷಣವೂ ನಿಲ್ಲದೆ ಕಾಲಿಗೆ ಬುದ್ಧಿ ಹೇಳಿದೆ. ಇವತ್ತು ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡುಬಿಡೋಣ ಎಂದುಕೊಂಡು ಮನೆ ಹೊಕ್ಕರೆ, ಅವಳು ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದಳು: "ನಮ್ಮನೆಯವರು ಬರೆದ್ರೆ ಮುಗೀತು ಕಣೇ ಅಕ್ಕ, ಕಲ್ಲಲ್ಲಿ ಕೆತ್ತಿದ ಹಾಗೆ!" ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ರಸಪ್ರಶ್ನೆಯ ದಿನ ಬಂದೇ ಬಂತು. ಸ್ಟುಡಿಯೋದ ತಣ್ಣನೆಯ ಗಾಳಿಯಲ್ಲೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. "ನಮ್ಮ ಸಂಶೋಧನಾ ತಂಡ ಪ್ರತಿಯೊಂದು ಉತ್ತರವನ್ನೂ ಪರಿಶೀಲಿಸಿದೆ!" ಎಂದು ನಿರೂಪಕಿ ಘೋಷಿಸಿದಾಗ ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಪ್ರಶ್ನೆಗಳೆಲ್ಲ ಯಾವ ಚಿತ್ರದಲ್ಲಿ ಯಾರು ನಟಿಸಿದರು, ಯಾರು ಹಾಡಿದರು ಎಂಬಂಥವು. ಹೆಂಡತಿ ಪಟಪಟನೆ ಉತ್ತರಿಸಿ ಎಲ್ಲರನ್ನೂ ಹಿಂದೆ ಹಾಕಿದಳು. ನಾನು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

"ಈಗ ಕೊನೆಯ ಪ್ರಶ್ನೆ!" ಎಂದಳು ನಿರೂಪಕಿ. "ನಿಯಮದಂತೆ ಇದಕ್ಕೆ ಜೊತೆಗೆ ಬಂದಿರುವ ಮನೆಯವರೇ ಉತ್ತರಿಸಬೇಕು; ತಪ್ಪಿದರೆ ಮೆಷಿನ್ ಎರಡನೇ ಸ್ಥಾನದವರಿಗೆ! ಸಾರ್, ಎದ್ದು ನಿಲ್ಲಿ! ಮಹಾಗುಡುಗು ಅವರ ಮನೆಯಲ್ಲಿ ಎಷ್ಟು ಬೆಕ್ಕುಗಳಿವೆ?"

ವೇದಿಕೆಯ ಮೇಲಿದ್ದ ಹೆಂಡತಿ ಖುಷಿಯಿಂದ ಎರಡೂ ಹೆಬ್ಬೆರಳು ಎತ್ತಿದಳು. ಅವಳ ಕಣ್ಣಲ್ಲಿ ವಾಷಿಂಗ್ ಮೆಷಿನ್ ಆಗಲೇ ತಿರುಗುತ್ತಿತ್ತು! ಪರಿಶೀಲಿಸಿದವರ ಮುಂದೆ ಸುಳ್ಳು ಹೇಳಿ ಅವಳ ಮೆಷಿನ್ ಕಳೆಯಲೇ? ಬೇಡ! ಇಂದು ಸತ್ಯವೇ ಗತಿ! ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಗುಡುಗಿದೆ:

"ಒಂದೂ ಇಲ್ಲ!"

ನಿರೂಪಕಿ ಮುಖ ಸಣ್ಣದು ಮಾಡಿದಳು. "ಅಯ್ಯೋ, ತಪ್ಪು ಸಾರ್! ಹನ್ನೊಂದು! ಆಧಾರ: 'ತೆರೆಮರೆಯ ತುಣುಕು'!"

ವಾಷಿಂಗ್ ಮೆಷಿನ್ ಎರಡನೇ ಸ್ಥಾನದಲ್ಲಿದ್ದ ಸ್ಪರ್ಧಿಯಾದ ಒಬ್ಬ ದರ್ಜಿಯ ಪಾಲಾಯಿತು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ಮನೆಗೆ ಬಂದ ಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ: "ಕೇಳೇ, ಆ ಬೆಕ್ಕುಗಳು ಇಲ್ಲವೇ ಇಲ್ಲ. ನಾನೇ ಹುಟ್ಟಿಸಿದ್ದು. ಅಂಕಣದಲ್ಲಿರೋದೆಲ್ಲ ಸುಳ್ಳು!"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಂತರ ಬಚ್ಚಲಿಂದ ನೆನೆಸಿಟ್ಟ ಬಟ್ಟೆಯ ಬಕೆಟ್ ಎಳೆದು ತಂದು ನನ್ನ ಮುಂದೆ ಕುಕ್ಕಿದಳು.

"ಬರೆದಿದ್ದನ್ನ ಮರೆತು ಸೋತಿದ್ದಕ್ಕೆ ಈಗ ಈ ಕಥೆ ಬೇರೆ! ರೀ, ನಿಮಗೆ ಸುಳ್ಳು ಹೇಳೋಕೆ ಒಂಚೂರೂ ಬರಲ್ಲ. ಬಟ್ಟೆ ಹಿಂಡೋಕಾದ್ರೂ ಬರುತ್ತಾ ನೋಡೋಣ, ಹಿಡೀರಿ!"