ಹೆಲ್ಮೆಟ್ಟು ಹಾಕಿಕೊಂಡು ಮಾಡಿದ ಹಟ್ಟಿ ಹಬ್ಬ

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಹೀಗೆ ಹೇಳಬಾರದೇನೋ. ಆದರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮಡಗಾಂವ್ ಬಸ್ಸು ಹತ್ತಿದ ಮೇಲೆ ಇಳಿದು ಮನೆಗೆ ಓಡಿಬರುವ ನಾನು, ಚಿಕ್ಕಂದಿನ ಹಬ್ಬಗಳನ್ನು ಮಾತ್ರ ನಿನ್ನೆ ನೋಡಿದವಳಂತೆ ವರ್ಣಿಸಬಲ್ಲೆ. ಊರಿನಿಂದ ದೂರ ಇರುವುದರಲ್ಲಿ ಇದೊಂದು ಅನುಕೂಲ. ವರ್ಣಿಸುವಾಗ ಪಕ್ಕದಲ್ಲಿ ಕೂತು "ಏ, ಹಂಗೇನ ಇರಲಿಲ್ಲ ಬಿಡ" ಎನ್ನುವವರು ಯಾರೂ ಇರುವುದಿಲ್ಲ.

ನನ್ನ ಗಂಡನಿಗೆ ಕುಂಕಳ್ಳಿಯ ಪೈಪು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಕೆಲಸ. ಹಾಗಾಗಿ ನಾವು ಗೋವಾದವರಾಗಿದ್ದೇವೆ, ಅಥವಾ ಆಗುತ್ತಲೇ ಇದ್ದೇವೆ. ಇಲ್ಲಿ ದೀಪಾವಳಿ ಎಂದರೆ ಮೊದಲು ನರಕಾಸುರ. ಓಣಿಯ ಹುಡುಗರು ವಾರಗಟ್ಟಲೆ ಹುಲ್ಲು, ಕಾಗದ ಮೆತ್ತಿ ಅವನನ್ನು ಮನೆಗಿಂತ ಎತ್ತರ ಮಾಡಿ, ಕಿವಿ ಕಿತ್ತುಹೋಗುವಷ್ಟು ಹಾಡು ಹಚ್ಚಿ, ಕೊನೆಗೆ ಸುಡುತ್ತಾರೆ. ಬೆಳಿಗ್ಗೆ ಮನೆಮನೆಯಲ್ಲಿ ಅವಲಕ್ಕಿಯ ದರ್ಬಾರು: ಮಜ್ಜಿಗೆಯದು, ಬೆಲ್ಲದ್ದು, ತೆಂಗಿನಹಾಲಿನದು. ನಾಲ್ಕನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು ಸಹನಾ ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುವಾಗ ನನಗೆ ಸಣ್ಣ ಹೊಟ್ಟೆಕಿಚ್ಚು. "ಇದೇನ ದೊಡ್ಡದಲೇ? ನಮ್ಮ ಕಡಿ ಹಟ್ಟಿ ಹಬ್ಬ ನೋಡಬೇಕ. ಪಾಡ್ಯದ ದಿನಾ ಸಗಣಿಯೊಳಗ ಪಾಂಡವರನ್ನ ಮಾಡಿ, ಚೆಂಡು ಹೂವು ಚುಚ್ಚಿ, ಹೊಸ್ತಿಲದಾಗ ಕೂಡಸ್ತಿದ್ವಿ. ಆಹಾ!" ಎನ್ನುತ್ತಿದ್ದೆ. ಆಹಾ ಎಂದರೆ ಸಾಕು, ಉಳಿದದ್ದನ್ನು ಯಾರೂ ಕೇಳುತ್ತಿರಲಿಲ್ಲ.

ಹೋದ ವರ್ಷ ಕೇಳಿದರು. ದೀಪಾವಳಿ ರಜೆಗೆ ಶಾಲೆ ಮುಚ್ಚುವ ದಿನ ಪ್ರತಿ ಮಗುವೂ ತನ್ನ ಮನೆಯ ಹಬ್ಬದ್ದೊಂದು ವಸ್ತು ತಂದು, ಮೇಜಿನ ಮೇಲಿಟ್ಟು, ಅದರ ಬಗ್ಗೆ ಮಾತಾಡಬೇಕು. ಅದರ ಹಿಂದಿನ ವರ್ಷ ನಾನು ಪಕ್ಕದವರನ್ನು ನೋಡಿ ಅವಲಕ್ಕಿ ಮಾಡಿ ಕಳಿಸಿದ್ದೆ. ಮೇಜಿನ ತುಂಬ ಅವಲಕ್ಕಿಯೇ ಇತ್ತು. ಗೆಳತಿಯೊಬ್ಬಳು "ಇದು ನಮ್ಮದು. ನಿಮ್ಮದು ಏನು?" ಎಂದು ಕೇಳಿದಳಂತೆ. ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಕೇಳಿದ್ದು. ಸಹನಾ ಆ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸು ತಂದಿದ್ದಳು.

"ಈ ಸರ್ತಿ ನಮ್ಮ ಮಮ್ಮಿ ದೇವರನ್ನ ಮಾಡಿಕೊಡ್ತಾಳ ಅಂತ ಟೀಚರಿಗೆ ಹೇಳೇನಿ" ಎಂದಳು.

"ಯಾತರಾಗ ಮಾಡತಾರ ಅಂತನೂ ಹೇಳಿಯೇನ?"

"ಇಲ್ಲ. ಅದು ಸರ್‌ಪ್ರೈಸ್."

ಮಾಡಲು ಕೂತಾಗ ತಿಳಿಯಿತು, ನನಗೆ ನೆನಪಿರುವುದು ಆ "ಆಹಾ" ಒಂದೇ. ಪಾಂಡವರು ಐದೇ ಜನವೋ, ಜೊತೆಗೆ ಬೇರೆ ಯಾರಾದರೂ ಇರುತ್ತಿದ್ದರೋ? ಹಬ್ಬದ ದೇವಿ ಹಟ್ಟೆವ್ವ ನಡುವೆಯೋ, ಬದಿಗೋ? ಮುಖ ಯಾವ ಕಡೆಗೆ? ಮುಖ ಇರುತ್ತಿತ್ತೇ? ಸಿಂದಗಿ ಹತ್ತಿರದ ನಮ್ಮೂರಿಗೆ ಫೋನು ಮಾಡಿದೆ. ಅವ್ವ ಮೊದಲು ಬೈದಳು: "ಹಬ್ಬ ಇನ್ನೂ ಬಂದೇ ಇಲ್ಲ, ಈಗ ಹಟ್ಟೆವ್ವನ್ನ ಕೂಡಸ್ತೀಯೇನ? ಸಾಲಿ ಸಲುವಾಗಿ ದೇವರು ರಜಾ ನೋಡಿ ಬರಬೇಕೇನ?"

"ಎಷ್ಟು ಮಾಡ್ತಿದ್ವಿ ಹೇಳಬೇ ಮೊದಲ."

"ಯಾರಿಗೆ ಗೊತ್ತ? ಸಗಣಿ ಮುಗಿಯೂ ತನಕಾ ಮಾಡತಿದ್ವಿ."

ಇದಕ್ಕಿಂತ ಖಚಿತವಾದ ಆಧಾರ ನನಗೆ ಸಿಗಲಿಲ್ಲ. ಗಂಡ ಗದಗಿನ ಕಡೆಯವನು. ತನ್ನ ಮನೆಯಲ್ಲಿ ಎಲ್ಲ ಬಾಗಿಲಿಗೂ ಇಡುತ್ತಿದ್ದರು, ಬಚ್ಚಲಿಗೂ ಇಡುತ್ತಿದ್ದರು ಎಂದ. ಬಚ್ಚಲಿಗೆ ಯಾರಾದರೂ ಇಡುತ್ತಾರೆಯೇ ಎಂದೆ. "ನೀ ನಮ್ಮನಿ ಬಚ್ಚಲಾ ನೋಡಿಯೇನ?" ಎಂದ. ಮದುವೆಯಾದ ಮೇಲೆ ಅದನ್ನೇ ತಿಕ್ಕಿದ್ದೇನೆ ಎಂದೆ. ಮಾತು ಹಬ್ಬದಿಂದ ಬಹಳ ದೂರ ಹೋಯಿತು. ಅಷ್ಟರಲ್ಲಿ ಪಕ್ಕದ ಮನೆಯ ಖೈರೂನಕ್ಕ ಗದ್ದಲ ಕೇಳಿ ಬಂದಳು. ಹುನಗುಂದದ ಕಡೆಯವಳು, ಅವಳ ಗಂಡ ಟೆಂಪೊ ಓಡಿಸುತ್ತಾನೆ. "ನಮ್ಮ ಓಣ್ಯಾಗ ಗೌಡರ ಮನಿ ಮುಂದ ನೋಡೇನ್ರಿ. ಮ್ಯಾಲೆ ಬದನಿಕಾಯಿ ಇಡತಿದ್ರು" ಎಂದಳು. ಬದನೆಕಾಯಿ ಎಲ್ಲಿಂದ ಬಂತೋ ದೇವರಿಗೇ ಗೊತ್ತು, ಆದರೆ ಅವಳು ಹೇಳಿದ ಕ್ಷಣದಿಂದ ನನಗೂ ಹಾಗೇ ನೆನಪಾಗತೊಡಗಿತು.

ಈಗ ಸಗಣಿ ಬೇಕಲ್ಲ. ಕುಂಕಳ್ಳಿಯ ರಸ್ತೆಯಲ್ಲಿ ದನಗಳಿಗೇನೂ ಕೊರತೆಯಿಲ್ಲ, ಬಸ್ಸುಗಳೇ ಅವುಗಳಿಗೆ ದಾರಿ ಬಿಡುತ್ತವೆ. ಆದರೆ ಹೋಗುವವರು ಯಾರು? ಗಂಡ ಮೊದಲು ಒಪ್ಪಲಿಲ್ಲ. "ಶಿಫ್ಟ್ ಬಿಡೂ ಹೊತ್ತಿದು. ಎಲ್ಲಾರೂ ನನ್ನ ಗುರ್ತು ಹಿಡೀತಾರ" ಎಂದ. ಸಹನಾಳ ಮುಖ ಸಣ್ಣದಾಯಿತು. ಅವನು ಎದ್ದ, ಬಕೆಟ್ಟು ತೆಗೆದುಕೊಂಡ, ಹೆಲ್ಮೆಟ್ಟು ಹಾಕಿ ಗಾಜನ್ನೂ ಕೆಳಗೆ ಎಳೆದುಕೊಂಡ. ಗಾಡಿ ತೆಗೆಯದೆ ಹೆಲ್ಮೆಟ್ಟಿನಲ್ಲಿ ನಡೆದುಕೊಂಡು ಹೋದ. ಅಪ್ಪನ ಹಿಂದೆ ಮಗಳು, ಮಗಳ ಹಿಂದೆ ನಾನು, ಎಲ್ಲರ ಮುಂದೆ ಒಂದು ಕಪಿಲೆ ಹಸು. ಅದಕ್ಕೆ ಅವಸರವೇ ಇರಲಿಲ್ಲ. ಕೊನೆಗೂ ಅದು ಕೃಪೆ ಮಾಡಿದಾಗ ಗಂಡ ಬಗ್ಗಿ ನೋಡಿ, ಕಾರ್ಖಾನೆಯ ರೂಢಿಯಿಂದ "ನೀರಿನ ಅಂಶ ಜಾಸ್ತಿ ಐತಿ, ರಿಜೆಕ್ಟ್" ಎಂದ. ಇನ್ನೊಂದು ಹಸುವನ್ನು ಹುಡುಕಬೇಕಾಯಿತು.

ಪಾಂಡವರು ತಯಾರಾದರು. "ಹಿಂಗ ಗುಂಡಗ ಮಾಡಿದ್ರ ಮಂದಿ ಇಡ್ಲಿ ಅಂತಾರ್ರಿ" ಎಂದು ಖೈರೂನಕ್ಕ ಒಬ್ಬೊಬ್ಬರ ತಲೆಯನ್ನೂ ಚೂಪು ಮಾಡಿದಳು, ಚೆಂಡು ಹೂವನ್ನು ತಾನೇ ತಂದು ಚುಚ್ಚಿದಳು. ಬದನೆಕಾಯಿಯ ಭಾರಕ್ಕೆ ಭೀಮ ಕುಸಿದಿದ್ದರಿಂದ ಅದನ್ನು ಸಾರಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಮಳೆ. ಇಲ್ಲಿನ ಮಳೆಗೆ ಮುಗಿಯುವ ಮನಸ್ಸೇ ಇರುವುದಿಲ್ಲ. ಒಣಗದ ಪಾಂಡವರು ಡಬ್ಬಿಯೊಳಗೆ ಕೂತು ಗಂಡನ ಸ್ಕೂಟರಿನಲ್ಲಿ, ಹೊಂಡಗಳ ಮೇಲೆ ಕುಣಿಯುತ್ತ ಶಾಲೆಗೆ ಹೋದರು. ನಾನು ಮನೆಯಲ್ಲಿ ಕೂತು, ಮಗಳು ಈ ಸಲವೂ ಮುಚ್ಚಳ ತೆಗೆಯದೆ ವಾಪಸು ಬರುತ್ತಾಳೆ ಎಂದು ಕಾಯತೊಡಗಿದೆ. ಅವಲಕ್ಕಿಯನ್ನು ಕಳಿಸಿದ್ದರೆ ತಿನ್ನಲಿಕ್ಕಾದರೂ ಬರುತ್ತಿತ್ತು.

ಮಧ್ಯಾಹ್ನ ಕರೆತರಲು ಹೋದಾಗ ಗೇಟಿನಲ್ಲಿ ಟೀಚರೇ ಸಿಕ್ಕರು. ನಗುತ್ತ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು. ಡಬ್ಬಿ ತೆರೆದಾಗ ಐವರೂ ಸೇರಿ ಒಂದೇ ಮುದ್ದೆಯಾಗಿದ್ದರಂತೆ. ಒಬ್ಬಳು ಮೂಗು ಮುಚ್ಚಿಕೊಂಡಳಂತೆ. ತಮ್ಮ ಅಜ್ಜಿಯ ಅಂಗಳವನ್ನೂ ಸಗಣಿಯಿಂದಲೇ ಸಾರಿಸುತ್ತಿದ್ದರು ಎಂದು ಟೀಚರ್ ಹೇಳಿದ ಮೇಲೆ ಮೂಗು ಬಿಟ್ಟಳಂತೆ. ಆಮೇಲೆ ಸಹನಾ ಹೆದರದೆ, ಚಂದದ ಕೊಂಕಣಿಯಲ್ಲಿ ಮಾತಾಡಿದಳಂತೆ: "ನಮ್ಮ ಹಬ್ಬದಲ್ಲಿ ಮೊದಲು ಅಮ್ಮ ಅಜ್ಜಿಗೆ ಫೋನು ಮಾಡಿ ಬೈಸಿಕೊಳ್ಳಬೇಕು. ನಂತರ ಅಪ್ಪ ಅಮ್ಮ ಬಚ್ಚಲಿನ ಬಗ್ಗೆ ಜಗಳಾಡಬೇಕು. ಆಮೇಲೆ ಅಪ್ಪ ಹೆಲ್ಮೆಟ್ಟು ಹಾಕಿಕೊಂಡು ಹಸುವಿನ ಹಿಂದೆ ನಡೆಯಬೇಕು. ಮೊದಲನೆಯ ಹಸುವಿನದು ತೆಗೆದುಕೊಳ್ಳಬಾರದು. ದೇವರ ತಲೆಯನ್ನು ಖೈರೂನ್ ಆಂಟಿ ಮಾಡಬೇಕು." ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಅವಲಕ್ಕಿಯ ದಿನ ಪ್ರಶ್ನೆ ಕೇಳಿದ ಗೆಳತಿಯೇ ಮುಂದಿನ ವರ್ಷ ಹಸುವಿನ ಹಿಂದೆ ತಾನೂ ಬರಬಹುದೇ ಎಂದು ಕೇಳಿದಳಂತೆ.

"ಆ ಹೆಲ್ಮೆಟ್ಟು ಯಾಕೆ? ದೇವರ ಕೆಲಸಕ್ಕೆ ತಲೆ ಮುಚ್ಚಬೇಕೆಂದೇ?" ಎಂದು ಟೀಚರ್ ಭಕ್ತಿಯಿಂದ ಕೇಳಿದರು. ಸಹನಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆ ಅಲ್ಲಾಡಿಸಿದೆ.

ಈ ವರ್ಷ ಗಂಡನಿಗೆ ಶಿಫ್ಟು ಬದಲಾಗಿತ್ತು. ಅವ್ವನಿಗೆ ಫೋನು ಮಾಡಿ ಬೈಸಿಕೊಂಡೆ, ಬಚ್ಚಲಿನ ಜಗಳವನ್ನು ಅವನು ಕೆಲಸಕ್ಕೆ ಹೋಗುವ ಮೊದಲೇ ಮುಗಿಸಿಕೊಂಡೆವು. ಇನ್ನು ಬಕೆಟ್ಟು ಹಿಡಿದು ಹೊರಟರೆ ಸಹನಾ ಬಾಗಿಲಿಗೆ ಅಡ್ಡ ನಿಂತಳು. "ಮಮ್ಮೀ, ಹೆಲ್ಮೆಟ್?" ಪಕ್ಕದಲ್ಲಿ ಆ ಗೆಳತಿ ತನ್ನ ಸೈಕಲ್ಲಿನ ಹೆಲ್ಮೆಟ್ಟು ಹಾಕಿಕೊಂಡು ಆಗಲೇ ತಯಾರಾಗಿ ನಿಂತಿದ್ದಳು. ಯಾರೂ ಗುರುತು ಹಿಡಿಯಬಾರದೆಂದು ಅಪ್ಪ ಹಾಕಿಕೊಂಡದ್ದು ಅಷ್ಟೇ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ, ನನ್ನ ಹೆಲ್ಮೆಟ್ಟನ್ನು ಹಾಕಿಕೊಂಡೆ.

ರಸ್ತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ನಮ್ಮನ್ನು ನೋಡಿ ನಿಂತಳು. ಸಗಣಿ ಕಂಡು ಅವಳ ಮುಖ ಅರಳಿತು. "ಹಟ್ಟಿ ಹಬ್ಬಕ್ಕೇನ್ರಿ? ನಾವೂ ವಿಜಾಪುರದ ಕಡೆಯವರ್ರಿ. ಆದ್ರ ತಲೀಗೆ ಇದ್ಯಾಕ್ರಿ ಅಕ್ಕಾರ?"

ಮಕ್ಕಳಿಬ್ಬರೂ ಕೇಳಿಸಿಕೊಳ್ಳುತ್ತಿದ್ದರು. ನಾನು ಗಾಜನ್ನು ಮೇಲೆತ್ತಿ, ಇತಿಹಾಸದ ಎಂ.ಎ.ಯ ಪೂರ್ಣ ಗಾಂಭೀರ್ಯದಿಂದ ಹೇಳಿದೆ: "ನಮ್ಮನ್ಯಾಗ ಮೊದಲಿಂದ ಹಿಂಗ ರೀ."