ಅಂಬೆಗಾಲಿನ ತಪಾಸಣೆ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ, ಕುಡಿಯಲು ನೀರು ಕೇಳುವ ಮೊದಲು ಅಂಬೆಗಾಲಿಡುತ್ತಿದ್ದರು. ನಗಬೇಡಿ, ನಿಜ! ಎಪ್ಪತ್ತರ ದಶಕದ ಮಾತು. ಆಗಲೇ ಐವತ್ತು ದಾಟಿದ್ದರು, ರಾಯಚೂರಿನಲ್ಲಿ ವಕೀಲರೊಬ್ಬರ ಗುಮಾಸ್ತರು. ಧೋತರ ಮೇಲೆ ಕಟ್ಟಿ ಇಡೀ ಮನೆ ಹರಿದಾಡಿ, ಕೂಸಿನ ಕೈಗೆ ಎಟುಕುವ ಬ್ಲೇಡು, ಸೂಜಿ, ಕಡ್ಡಿಪೆಟ್ಟಿಗೆ ಹುಡುಕಿ ತೆಗೆಯುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಏನರೆ ಆಗಿದ್ರ ಹೊಣಿ ಯಾರು?"

ದೇವದುರ್ಗದ ನನ್ನ ಅಕ್ಕನ ಮನೆಯಲ್ಲಿ ಸೋಡಾ ಬಾಟಲಿ ತುಂಬ ಸೀಮೆಎಣ್ಣೆ ಸಿಕ್ಕಿತು. "ಕೂಸು ನೀರಂತ ಕುಡೀತದ" ಎಂದು ಅದನ್ನು ಅಟ್ಟಕ್ಕೇರಿಸಿದರು. ಹಿಂದೆಯೇ ಈಳಿಗೆಮಣೆ ಏರಿತು, ಕೊನೆಗೆ ಸ್ಟೋವೂ ಏರಿತು.

"ಮಾಮಾ, ನನ್ನನ್ನೂ ಏರಿಸಿಬಿಡ್ರಿ. ಅಡಿಗಿ ಮಾಡಾಕ ಅನುಕೂಲ ಆಗ್ತದ" ಅಂದಳು ಅಕ್ಕ. ಮಾವ ಅಟ್ಟದ ಎತ್ತರ ನೋಡಿ ನಿಜಕ್ಕೂ ಯೋಚನೆ ಮಾಡಿದರು.

ರಾಯಚೂರಿನ ಟೇಲರ್ ಸಾಬರನ್ನಾದರೂ ಬಿಟ್ಟರೇ? ಬೆಂಚಿನ ಮೇಲಿದ್ದ ಕತ್ತರಿಯನ್ನು ಗೋಡೆಯ ಮೊಳೆಗೆ ನೇತುಹಾಕಿದರು.

"ನಮ್ಮ ಅಂಗಡ್ಯಾಗ ಮಕ್ಳೇ ಬರಂಗಿಲ್ರಿ, ಸಾಹೇಬ್ರ."

"ಬರೋತನಕ ಕಾಯಬೇಕೇನ್ರಿ?"

ಸಾಬರು ಸೋತು ಎಲೆ-ಅಡಿಕೆ ಮುಂದೆ ಮಾಡಿದರು. ನಾನು ಕಂಡಂತೆ ಮಾವ ಅದನ್ನು ಮುಟ್ಟಿದವರಲ್ಲ.

ಮುಂದೆ ಮಾನ್ವಿಯಲ್ಲಿ ನನಗೆ ಮಗಳು ಹುಟ್ಟಿ, ಹರಿದಾಡತೊಡಗಿದಾಗ ಮಾವ ಬಂದರು. ಎಂಬತ್ತರ ದಶಕ, ಅವರ ಮೊಣಕಾಲು ಲಟಲಟ ಅನ್ನುತ್ತಿತ್ತು. ಆದರೂ ನೆಲಕ್ಕಿಳಿದರು! ನಾನು ಬಹಳ ಧೈರ್ಯದಿಂದ ನಿಂತಿದ್ದೆ, ಎಲ್ಲ ಮೇಲಿಟ್ಟಿದ್ದೆನಲ್ಲ. ಮಂಚದ ಕೆಳಗೆ ಹೋದ ಅವರ ಕೈ ಹೊರಬಂದಾಗ ಅದರಲ್ಲಿ ನನ್ನ ಸುಣ್ಣದ ಡಬ್ಬಿಯಿತ್ತು, ಮುಚ್ಚಳ ತೆರೆದಿತ್ತು. ಈ ಸಲ ಹೊಣೆ ಯಾರೆಂದು ಕೇಳಲಿಲ್ಲ. ನನ್ನ ಎಡಗಣ್ಣನ್ನೇ ನೋಡುತ್ತಾ ಕುಳಿತರು.

ಆ ಕಣ್ಣು ನನಗೆ ಮಂಜು ಮಂಜು. ಎರಡು ವರ್ಷದವನಿದ್ದಾಗ ಸುಣ್ಣ ಬಿದ್ದಿತ್ತೆಂದು ಗೊತ್ತಿತ್ತು. ಡಬ್ಬಿ ಯಾರದೆಂದು ಅವ್ವ ಯಾವತ್ತೂ ಹೇಳಿರಲಿಲ್ಲ.

"ಅದು ನಂದು, ತಮ್ಮಾ" ಅಂದರು ಮಾವ. "ಹೊರಸಿನ ಮ್ಯಾಗ ಬಿಟ್ಟು ಎದ್ದು ಹೋಗಿದ್ದೆ. ನಿಮ್ಮವ್ವ ಯಾರ ಮುಂದೂ ನನ್ನ ಹೆಸರು ಹೇಳಲಿಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕೆನಲ್ಲ ಅನ್ನಿಸಿತು. ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬಂದು, ಅವರ ಪಕ್ಕದಲ್ಲಿ ನಾನೂ ಮೊಣಕಾಲೂರಿದೆ.

"ನಡೀರಿ ಮಾಮಾ, ಆ ಮೂಲಿ ಇನ್ನೂ ನೋಡಿಲ್ಲ."